ಅಮೆರಿಕದಲ್ಲಿ ಚೈಲ್ಡ್ ಡೆವಲಪ್‌ಮೆಂಟ್ ಓದಬೇಕಾ? ಕಡಿಮೆ ಖರ್ಚಿನ ಒಳ್ಳೆ ಕಾಲೇಜು ಹುಡುಕುವುದು ಹೀಗೆ

ಅಮೆರಿಕದಲ್ಲಿ ನೆಲೆಸಿದ ನಮ್ಮವರ ಮನೆಯಲ್ಲಿ ಮಗಳೋ ಮಗನೋ ‘ಚೈಲ್ಡ್ ಡೆವಲಪ್‌ಮೆಂಟ್ (ಮಕ್ಕಳ ಬೆಳವಣಿಗೆಯ ಅಧ್ಯಯನ) ಓದ್ತೀನಿ’ ಅಂದರೆ ಸಾಮಾನ್ಯವಾಗಿ ನಡೆಯುವುದು ಇಷ್ಟೇ. ಗೂಗಲ್‌ನಲ್ಲಿ ‘ಅತಿ ಅಗ್ಗದ ಕಾಲೇಜುಗಳು’ ಎಂದು ಹುಡುಕುತ್ತಾರೆ, ಮೊದಲು ಸಿಕ್ಕ ಪಟ್ಟಿಯಿಂದ ನಾಲ್ಕೈದು ಹೆಸರು ಬರೆದುಕೊಳ್ಳುತ್ತಾರೆ, ಅರ್ಜಿ ಹಾಕುತ್ತಾರೆ. ಎರಡು ವರ್ಷ ಓದಿದ ಮೇಲೆ ‘ಈ ಡಿಗ್ರಿಗೆ ಶಾಲೆಯಲ್ಲಿ ಪಾಠ ಮಾಡುವ ಲೈಸೆನ್ಸ್ ಬರಲ್ಲ’ ಎಂದು ಗೊತ್ತಾಗುತ್ತದೆ. ಇಲ್ಲವೇ ಅಗ್ಗ ಅಂದುಕೊಂಡ ಕಾಲೇಜು ಎಲ್ಲಕ್ಕಿಂತ ದುಬಾರಿಯಾಗಿರುತ್ತದೆ.

ಆ ಪಟ್ಟಿಗಳನ್ನು ಪಕ್ಕಕ್ಕಿಡಿ. ಅವುಗಳಲ್ಲಿ ಎಷ್ಟೋ ತಾಣಗಳು ನಿಮ್ಮ ಫೋನ್ ನಂಬರನ್ನು ಕಾಲೇಜುಗಳಿಗೆ ಮಾರಿ ಬದುಕುತ್ತವೆ. ‘ಉಚಿತ ಮಾಹಿತಿಗಾಗಿ’ ಅಂತ ಇರುವ ಫಾರ್ಮ್ ತುಂಬಿದರೆ ಮುಗಿಯಿತು, ಫೋನ್ ಸುಮ್ಮನಿರುವುದಿಲ್ಲ.

ಮೊದಲ ಹೆಜ್ಜೆ: ಯಾವ ಕೆಲಸ ಬೇಕು ಎಂದು ತೀರ್ಮಾನಿಸಿ. ಸರ್ಕಾರಿ ಶಾಲೆಯ ಕಿಂಡರ್‌ಗಾರ್ಟನ್ ಟೀಚರ್ ಆಗಬೇಕೇ? ಹಾಗಿದ್ದರೆ ನಿಮ್ಮ ರಾಜ್ಯದ ಲೈಸೆನ್ಸ್ ಕೊಡಿಸುವ ಕೋರ್ಸ್ ಬೇಕು. ಚೈಲ್ಡ್ ಡೆವಲಪ್‌ಮೆಂಟ್ ಡಿಗ್ರಿಗಳಲ್ಲಿ ಜಾಸ್ತಿ ಪಾಲು ಅದನ್ನು ಕೊಡಿಸುವುದಿಲ್ಲ. ಹೆಡ್ ಸ್ಟಾರ್ಟ್ (ಬಡ ಕುಟುಂಬಗಳ ಪುಟ್ಟ ಮಕ್ಕಳಿಗಾಗಿ ಫೆಡರಲ್ ಸರ್ಕಾರದ ಹಣದಲ್ಲಿ ನಡೆಯುವ ಕಾರ್ಯಕ್ರಮ) ಕೇಂದ್ರದಲ್ಲಿ ಕೆಲಸ ಮಾಡುವ ಆಸೆಯಿದ್ದರೆ ಈ ಡಿಗ್ರಿ ಚೆನ್ನಾಗಿ ನಡೆಯುತ್ತದೆ. ದೇಶದ ಹೆಡ್ ಸ್ಟಾರ್ಟ್ ಟೀಚರ್‌ಗಳಲ್ಲಿ ಅರ್ಧದಷ್ಟಾದರೂ ಮಂದಿಗೆ ಇಂಥ ಪದವಿ ಇರಬೇಕು ಎಂದು 2007ರ ಕಾಯ್ದೆಯೇ ಹೇಳುತ್ತದೆ. ಆಸ್ಪತ್ರೆಯಲ್ಲಿ ಮಕ್ಕಳ ಜೊತೆ ಕೆಲಸ ಮಾಡುವ ಚೈಲ್ಡ್ ಲೈಫ್ ಸ್ಪೆಷಲಿಸ್ಟ್ ಆಗಲು ನಿಗದಿತ 10 ಕೋರ್ಸ್‌ಗಳು ಮತ್ತು 600 ಗಂಟೆಗಳ ಇಂಟರ್ನ್‌ಶಿಪ್ ಬೇಕು. ಫ್ಯಾಮಿಲಿ ಥೆರಪಿಸ್ಟ್ ಆಗಬೇಕಾದರೆ ಬ್ಯಾಚುಲರ್ಸ್ ಸಾಲದು, ಮಾಸ್ಟರ್ಸ್ ಕಡ್ಡಾಯ. ಆಗ ಮೊದಲ ಡಿಗ್ರಿಗೆ ಸಾಲ ಮಾಡದಿರುವುದು ಇನ್ನೂ ಮುಖ್ಯ. ಒಂದೇ ಕಾಲೇಜು ಒಬ್ಬರಿಗೆ ಸರಿ, ಇನ್ನೊಬ್ಬರಿಗೆ ದಂಡ. ಕೆಲಸ ಗೊತ್ತಿಲ್ಲದೆ ಮುಂದಿನ ಹೆಜ್ಜೆಗಳಿಗೆ ಅರ್ಥವಿಲ್ಲ.

ಎರಡನೆಯದು ಹುಡುಕುವುದು. ಈ ವಿಷಯಕ್ಕೆ ಒಂದೊಂದು ಕಾಲೇಜಿನಲ್ಲಿ ಒಂದೊಂದು ಹೆಸರು: ಹ್ಯೂಮನ್ ಡೆವಲಪ್‌ಮೆಂಟ್ ಅಂಡ್ ಫ್ಯಾಮಿಲಿ ಸ್ಟಡೀಸ್, ಫ್ಯಾಮಿಲಿ ಸೈನ್ಸ್, ಚೈಲ್ಡ್ ಅಂಡ್ ಅಡಾಲೆಸೆಂಟ್ ಡೆವಲಪ್‌ಮೆಂಟ್, ಹೀಗೆ. ಒಂದೇ ಹೆಸರಿನಲ್ಲಿ ಹುಡುಕಿದರೆ ಅರ್ಧ ತಪ್ಪಿಹೋಗುತ್ತವೆ. ಅದರ ಬದಲು ಫೆಡರಲ್ ಸರ್ಕಾರದ ‘ಕಾಲೇಜ್ ನ್ಯಾವಿಗೇಟರ್’ ತಾಣಕ್ಕೆ ಹೋಗಿ, ಕೋರ್ಸ್‌ಗಳ ಪಟ್ಟಿಯಲ್ಲಿ ಈ ಗುಂಪನ್ನು ಆರಿಸಿ. ಸರ್ಕಾರಿ ವಿಂಗಡಣೆಯಲ್ಲಿ ಇದರ ಸಂಕೇತ 19.07. ಹೆಸರು ಏನೇ ಇರಲಿ, ಈ ಸಂಕೇತದಡಿ ಬಂದದ್ದೆಲ್ಲ ಸಿಗುತ್ತದೆ.

ಮಾನ್ಯತೆ ನೋಡುವುದು ಎರಡು ನಿಮಿಷದ ಕೆಲಸ. ಕಾಲೇಜಿಗೆ ಸಾಂಸ್ಥಿಕ ಮಾನ್ಯತೆ (ಒಂದು ಕೋರ್ಸಿಗಲ್ಲ, ಇಡೀ ಕಾಲೇಜಿಗೆ ಸಿಗುವ ಮಾನ್ಯತೆ) ಇಲ್ಲದಿದ್ದರೆ ಪಟ್ಟಿಯಿಂದ ತೆಗೆದುಹಾಕಿ.

ಈಗ ಎಲ್ಲರೂ ಎಡವುವ ಜಾಗ: ಹಣದ ಲೆಕ್ಕ. ಕಾಲೇಜಿನ ತಾಣದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿರುವ ಟ್ಯೂಷನ್ (ಬೋಧನಾ ಶುಲ್ಕ) ನಿಮ್ಮ ಖರ್ಚಲ್ಲ. ಕೆಲವರಿಗೆ ಅದಕ್ಕಿಂತ ತುಂಬಾ ಕಡಿಮೆ ಆಗುತ್ತದೆ, ಕೆಲವರಿಗೆ ಎಷ್ಟೋ ಜಾಸ್ತಿ. ನೋಡಬೇಕಾದದ್ದು ನೆಟ್ ಪ್ರೈಸ್. ಅಂದರೆ ಟ್ಯೂಷನ್, ಫೀಸು, ವಸತಿ, ಊಟ, ಪುಸ್ತಕ ಎಲ್ಲ ಕೂಡಿ, ಅದರಲ್ಲಿ ವಾಪಸ್ ಕೊಡಬೇಕಿಲ್ಲದ ಸಹಾಯಧನ ಕಳೆದ ಮೇಲೆ ಉಳಿಯುವ ಮೊತ್ತ. ಫೆಡರಲ್ ನೆರವು ಪಡೆಯುವ ಕಾಲೇಜುಗಳು ತಮ್ಮ ತಾಣದಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇಡಬೇಕೆಂಬ ನಿಯಮ 2011ರಿಂದಲೂ ಇದೆ. ಅದನ್ನು ತಾಣದ ಯಾವುದೋ ಮೂಲೆಯಲ್ಲಿ ಅಡಗಿಸಿಟ್ಟಿರುತ್ತಾರೆ, ಹುಡುಕಿ ತೆಗೆಯಿರಿ.

ಲೆಕ್ಕ ಹಾಕುವಾಗ ಕಳೆದ ವರ್ಷದ ತೆರಿಗೆ ಕಾಗದಗಳನ್ನು ಎದುರಿಗೆ ಇಟ್ಟುಕೊಳ್ಳಿ. ಅಂದಾಜಿನ ಆದಾಯ ಹಾಕಿದರೆ ಅಂದಾಜಿನ ಉತ್ತರವೇ ಬರುತ್ತದೆ. ಉತ್ತರ ಬಂದ ಮೇಲೆ ಕೆಳಗಿನ ಸಾಲುಗಳನ್ನು ಒಂದೊಂದಾಗಿ ಓದಿ. ಕೆಲವು ಕ್ಯಾಲ್ಕುಲೇಟರ್‌ಗಳು ಸಾಲವನ್ನೂ, ಕ್ಯಾಂಪಸ್ ಕೆಲಸದ ಸಂಬಳವನ್ನೂ ‘ನೆರವು’ ಎಂದು ಕಳೆದು ಚಿಕ್ಕ ಸಂಖ್ಯೆ ತೋರಿಸುತ್ತವೆ. ಅವೆರಡನ್ನೂ ವಾಪಸ್ ಕೂಡಿಸಿ. ಸಾಲ ನೆರವಲ್ಲ. ಒಂದು ವರ್ಷಕ್ಕೆ ಮಾತ್ರ ಕೊಡುವ ಸ್ಕಾಲರ್‌ಶಿಪ್ ಇದ್ದರೆ ಅದನ್ನು ನಾಲ್ಕರಿಂದ ಗುಣಿಸಬೇಡಿ. ಆಮೇಲೆ ಕಾಲೇಜ್ ನ್ಯಾವಿಗೇಟರ್‌ನಲ್ಲಿ ನಿಮ್ಮ ಆದಾಯದ ಗುಂಪಿನವರು ಸರಾಸರಿ ಎಷ್ಟು ಕೊಟ್ಟಿದ್ದಾರೆ ಎಂದು ಹೋಲಿಸಿ. 30,000 ಡಾಲರ್ ವರೆಗಿನವರಿಂದ ಹಿಡಿದು 1,10,000 ಮೀರಿದವರ ತನಕ ಅಲ್ಲಿ ಐದು ಗುಂಪುಗಳಿವೆ. ಒಂದು ಎಚ್ಚರ: ಸರ್ಕಾರಿ ಕಾಲೇಜುಗಳಿಗೆ ಅಲ್ಲಿ ಕಾಣುವ ಸಂಖ್ಯೆ ಆಯಾ ರಾಜ್ಯದವರದ್ದು. ಪಕ್ಕದ ರಾಜ್ಯದಿಂದ ಬಂದವರು ಅದನ್ನು ನಂಬಿದರೆ ಕೆಟ್ಟರು.

ಹೊರರಾಜ್ಯದ ಕಾಲೇಜೇ ಬೇಕು ಅಂದರೆ ರಿಯಾಯಿತಿ ಒಪ್ಪಂದಗಳನ್ನು ನೋಡಿ. ಪಶ್ಚಿಮದ ರಾಜ್ಯಗಳಲ್ಲಿ ವೆಸ್ಟರ್ನ್ ಅಂಡರ್‌ಗ್ರಾಜುಯೇಟ್ ಎಕ್ಸ್‌ಚೇಂಜ್ ಇದೆ. ಅದರಲ್ಲಿ ನಿಮ್ಮ ಟ್ಯೂಷನ್ ಸ್ಥಳೀಯರ ಟ್ಯೂಷನ್‌ನ 150 ಶೇಕಡಾ ಮೀರುವಂತಿಲ್ಲ. ದಕ್ಷಿಣದಲ್ಲಿ ಅಕಡೆಮಿಕ್ ಕಾಮನ್ ಮಾರ್ಕೆಟ್ ಇದೆ. ನಿಮ್ಮ ರಾಜ್ಯದಲ್ಲಿ ಆ ಕೋರ್ಸ್ ಇಲ್ಲದಿದ್ದರೆ ಅದು ಉಪಯೋಗಕ್ಕೆ ಬರುತ್ತದೆ. ಎರಡರಲ್ಲೂ ಎಲ್ಲ ಕಾಲೇಜು, ಎಲ್ಲ ಕೋರ್ಸ್ ಸೇರಿರುವುದಿಲ್ಲ.

ಇನ್ನು ಈ ಓದಿಗೇ ಅಂಟಿಕೊಂಡಿರುವ ಒಂದು ಖರ್ಚಿದೆ. ಅದು ಯಾವ ಕ್ಯಾಲ್ಕುಲೇಟರ್‌ನಲ್ಲೂ ಕಾಣುವುದಿಲ್ಲ. ಕೊನೆಯ ವರ್ಷದ ಪ್ರ್ಯಾಕ್ಟಿಕಮ್ ಅಥವಾ ಇಂಟರ್ನ್‌ಶಿಪ್. ಹಗಲಿಡೀ ಮಕ್ಕಳ ಕೇಂದ್ರದಲ್ಲೋ ಕುಟುಂಬ ಸೇವೆಯ ಕಚೇರಿಯಲ್ಲೋ ಇರಬೇಕು, ಸಾಮಾನ್ಯವಾಗಿ ಸಂಬಳವಿಲ್ಲ. ಅದಕ್ಕೆ ಕ್ರೆಡಿಟ್ (ಡಿಗ್ರಿಯ ಲೆಕ್ಕಕ್ಕೆ ಸೇರುವ ಅಂಕ) ಕೊಡುತ್ತಾರೆ, ಅಂದರೆ ಬಿಟ್ಟಿ ಕೆಲಸ ಮಾಡಲು ನೀವೇ ಟ್ಯೂಷನ್ ಕಟ್ಟುತ್ತೀರಿ! ಬೇಸಿಗೆಯಲ್ಲಿ ಮಾಡಿದರೆ ಆ ಕ್ರೆಡಿಟ್‌ಗಳಿಗೆ ಪ್ರತ್ಯೇಕ ಬಿಲ್ ಬರುವುದೂ ಉಂಟು. ಬೆರಳಚ್ಚು ತಪಾಸಣೆ, ಕ್ಷಯ ಪರೀಕ್ಷೆ, ಓಡಾಟದ ಪೆಟ್ರೋಲ್ ಬೇರೆ. ಆ ತಿಂಗಳುಗಳಲ್ಲಿ ಪಾರ್ಟ್‌ಟೈಮ್ ಸಂಬಳ ನಿಂತುಹೋಗುವುದನ್ನೂ ಲೆಕ್ಕಕ್ಕೆ ಸೇರಿಸಿ. ಎಷ್ಟು ಗಂಟೆ, ಯಾವ ಸೆಮಿಸ್ಟರ್, ಜಾಗ ಹುಡುಕಿಕೊಡುವವರು ಯಾರು, ಈಗಾಗಲೇ ಕೆಲಸ ಮಾಡುತ್ತಿರುವ ಕೇಂದ್ರದಲ್ಲೇ ಮಾಡಬಹುದೇ ಎಂದು ವಿಭಾಗಕ್ಕೆ ಇಮೇಲ್ ಬರೆದು ಕೇಳಿ. ಫೋನಲ್ಲಿ ಬೇಡ, ಉತ್ತರ ಬರಹದಲ್ಲಿ ಇರಲಿ.

ಟೀಚ್ ಹೆಸರಿನ ಎರಡು ನೆರವುಗಳಿವೆ, ಜನ ಗೊಂದಲ ಮಾಡಿಕೊಳ್ಳುತ್ತಾರೆ. ಒಂದು, ಫೆಡರಲ್ ಟೀಚ್ ಗ್ರಾಂಟ್. ಇದನ್ನು ಪಡೆದವರು ಓದು ಮುಗಿದ ಮೇಲೆ 8 ವರ್ಷದೊಳಗೆ 4 ವರ್ಷ, ಕಡಿಮೆ ಆದಾಯದವರ ಶಾಲೆಯಲ್ಲಿ ಕೊರತೆಯಿರುವ ವಿಷಯವನ್ನು ಕಲಿಸಬೇಕು. ಇಲ್ಲದಿದ್ದರೆ ಅದು ಬಡ್ಡಿ ಸಮೇತ ಸಾಲವಾಗುತ್ತದೆ. ಬಡ್ಡಿ ಲೆಕ್ಕ ಹಣ ಕೊಟ್ಟ ದಿನದಿಂದಲೇ ಶುರು. ಟೀಚಿಂಗ್ ಲೈಸೆನ್ಸ್ ಕಡೆಗೆ ಹೋಗದವರು ಇದರ ತಂಟೆಗೆ ಹೋಗಬೇಡಿ. ಇನ್ನೊಂದು, ಮಕ್ಕಳ ಕೇಂದ್ರಗಳಲ್ಲಿ ಈಗಾಗಲೇ ದುಡಿಯುತ್ತಿರುವವರಿಗಾಗಿ ನಾರ್ತ್ ಕೆರೊಲಿನಾದಲ್ಲಿ 1990ರಲ್ಲಿ ಶುರುವಾಗಿ ಬೇರೆ ರಾಜ್ಯಗಳಿಗೂ ಹರಡಿದ ಸ್ಕಾಲರ್‌ಶಿಪ್. ಟ್ಯೂಷನ್, ಪುಸ್ತಕದ ಬಹುಪಾಲು ಖರ್ಚು ಅದು ನೋಡಿಕೊಳ್ಳುತ್ತದೆ. ಅದೇ ಕೇಂದ್ರದಲ್ಲಿ ಸ್ವಲ್ಪ ಕಾಲ ಮುಂದುವರಿಯಬೇಕು, ಅಷ್ಟೇ. ಇದು ಸಿಕ್ಕರೆ ಬಿಡಬೇಡಿ.

ಫೆಡರಲ್ ನೆರವಿಗಾಗಿ ತುಂಬುವ ಫಾಫ್ಸಾ ಅರ್ಜಿ ಉಚಿತ. ತುಂಬಿಕೊಡುತ್ತೇವೆ ಎಂದು ದುಡ್ಡು ಕೇಳುವವರಿಂದ ದೂರವಿರಿ.

ನನ್ನ ಖಚಿತ ಸಲಹೆ ಕೇಳುವುದಾದರೆ: ಮೊದಲ ಎರಡು ವರ್ಷ ಕಮ್ಯೂನಿಟಿ ಕಾಲೇಜು (ಕಡಿಮೆ ಖರ್ಚಿನ ಸ್ಥಳೀಯ ಸರ್ಕಾರಿ ಕಾಲೇಜು), ಆಮೇಲೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ. ಖಾಸಗಿ ಕಾಲೇಜಿನ ಹೆಸರಿಗೆ ಈ ಕ್ಷೇತ್ರದಲ್ಲಿ ಅಂಥ ಬೆಲೆಯಿಲ್ಲ, ಶುರುವಿನ ಸಂಬಳವೂ ದೊಡ್ಡದಲ್ಲ. ಆದರೆ ಕಮ್ಯೂನಿಟಿ ಕಾಲೇಜಿನಲ್ಲಿ ಸರಿಯಾದ ಡಿಗ್ರಿ ಆರಿಸಿ. ‘ಅಪ್ಲೈಡ್ ಸೈನ್ಸ್’ ಎಂದಿರುವ ಅಸೋಸಿಯೇಟ್ (ಎರಡು ವರ್ಷದ) ಡಿಗ್ರಿ ನೇರ ಕೆಲಸಕ್ಕೆಂದು ಮಾಡಿದ್ದು, ಅದರ ಕ್ರೆಡಿಟ್‌ಗಳು ಎಷ್ಟೋ ಕಡೆ ಪೂರ್ತಿ ವರ್ಗಾವಣೆ ಆಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ‘ವರ್ಗಾವಣೆಯ ಅಸೋಸಿಯೇಟ್ ಡಿಗ್ರಿ’ ಎಂಬ ವ್ಯವಸ್ಥೆ ಇದೆ. ಅದನ್ನು ಮುಗಿಸಿದವರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಯಾವುದಾದರೊಂದು ಕ್ಯಾಂಪಸ್‌ನಲ್ಲಿ ಸೀಟು ಖಾತರಿ. ನಾರ್ತ್‌ರಿಡ್ಜ್, ಸ್ಯಾಕ್ರಮೆಂಟೊ, ಸ್ಯಾನ್ ಫ್ರಾನ್ಸಿಸ್ಕೊ ಕ್ಯಾಂಪಸ್‌ಗಳಲ್ಲಿ ಈ ವಿಷಯದ ಪದವಿ ಇದೆ. ಇಂಥದ್ದೇ ಕ್ಯಾಂಪಸ್ ಸಿಗುತ್ತದೆ ಅನ್ನುವ ಖಾತರಿ ಮಾತ್ರ ಇಲ್ಲ.

ಗುಣಮಟ್ಟಕ್ಕೆ ನಾನು ನೋಡುವುದು ಮೂರೇ. ಕಾಲೇಜಿನದೇ ಮಕ್ಕಳ ಲ್ಯಾಬ್ ಸ್ಕೂಲ್ (ವಿದ್ಯಾರ್ಥಿಗಳು ಮಕ್ಕಳನ್ನು ಗಮನಿಸಿ ಕಲಿಯುವ ಶಾಲೆ) ಇದೆಯೇ? ಚಿಕ್ಕ ಮಕ್ಕಳ ಶಿಕ್ಷಣದ ಕೋರ್ಸ್ ಆದರೆ ಎನ್‌ಎಇವೈಸಿ (ಚಿಕ್ಕ ಮಕ್ಕಳ ಶಿಕ್ಷಣದ ರಾಷ್ಟ್ರೀಯ ಸಂಘ) ಮಾನ್ಯತೆ ಇದೆಯೇ? ಕುಟುಂಬ ಅಧ್ಯಯನವಾದರೆ ಎನ್‌ಸಿಎಫ್‌ಆರ್ (ಕುಟುಂಬ ಸಂಬಂಧಗಳ ರಾಷ್ಟ್ರೀಯ ಮಂಡಳಿ) ಒಪ್ಪಿದ ಕೋರ್ಸೇ? ಈ ಕೊನೆಯದು ಇದ್ದರೆ ಫ್ಯಾಮಿಲಿ ಲೈಫ್ ಎಜುಕೇಟರ್ ಸರ್ಟಿಫಿಕೇಟಿಗೆ ಪರೀಕ್ಷೆಯಿಲ್ಲದೆ ಸುಲಭದ ಅರ್ಜಿಯಲ್ಲಿ ಹೋಗಬಹುದು. ಕ್ಯಾಂಪಸ್‌ನ ಜಿಮ್ಮು, ಈಜುಕೊಳದ ಫೋಟೋಗಳನ್ನು ನೋಡಿ ಮರುಳಾಗಬೇಡಿ, ಅದರ ಖರ್ಚೂ ನಿಮ್ಮ ಫೀಸಿನಲ್ಲೇ ಇರುತ್ತದೆ.

ಭಾರತದಿಂದ ಎಫ್-1 (ವಿದ್ಯಾರ್ಥಿ) ವೀಸಾದಲ್ಲಿ ಹೋಗುವವರಿಗೆ ಮೇಲಿನ ಫೆಡರಲ್ ನೆರವು ಯಾವುದೂ ಸಿಗುವುದಿಲ್ಲ, ಹೊರರಾಜ್ಯದ ದರವೇ ಬೀಳುತ್ತದೆ. ಅಗ್ಗದ ಆನ್‌ಲೈನ್ ಕೋರ್ಸ್ ಹಿಡಿಯೋಣ ಅಂದರೆ ಅದೂ ಆಗಲ್ಲ. ಪೂರ್ಣಾವಧಿ ಓದಿನ ಲೆಕ್ಕಕ್ಕೆ ಒಂದು ಸೆಮಿಸ್ಟರ್‌ನಲ್ಲಿ ಒಂದೇ ಆನ್‌ಲೈನ್ ತರಗತಿ ಸೇರಿಸಬಹುದು. ಅಂಥವರು ಸಾಲದ ಅರ್ಜಿ ಹಾಕುವ ಮುಂಚೆ, ಬ್ಯಾಚುಲರ್ಸ್ ಭಾರತದಲ್ಲೇ ಮುಗಿಸಿ, ಅಸಿಸ್ಟೆಂಟ್‌ಶಿಪ್ (ವಿಶ್ವವಿದ್ಯಾಲಯದಲ್ಲೇ ಸಂಬಳದ ಕೆಲಸ) ಸಿಗುವ ಮಾಸ್ಟರ್ಸ್‌ಗೆ ಪ್ರಯತ್ನಿಸುವ ದಾರಿಯನ್ನು ಲೆಕ್ಕ ಹಾಕಿ ನೋಡಿ.