ಸ್ಟಾಪ್‌ವಾಚ್ ಹಿಡ್ಕೊಂಡು ಟೂರ್ ನೋಡೋದು: ನನ್ನ ಅನುಭವ

ಟೂರ್ ದೆ ಫ್ರಾನ್ಸ್ ಸೈಕಲ್ ರೇಸಲ್ಲಿ ಯಾರಾದ್ರೂ ಬೆಟ್ಟದಲ್ಲಿ ಎಲ್ರನ್ನೂ ಬಿಟ್ಟು ಮುಂದೆ ಹೋದ್ರೆ ಸಾಕು, ನಮ್ಮ ರೈಡಿಂಗ್ ಗ್ರೂಪಲ್ಲಿ "ಇವ್ನೂ ತಗೊಂಡಿದಾನೆ ಬಿಡು ಗುರು" ಅಂತ, ಅಂದ್ರೆ ಡ್ರಗ್ಸ್ ತಗೊಂಡಿದಾನೆ (ಡೋಪಿಂಗ್) ಅಂತ, ಮೆಸೇಜ್ ಬಂದೇ ಬರುತ್ತೆ. ಹಾಗನ್ನೋರ ಮೇಲೆ ನಂಗೇನೂ ಸಿಟ್ಟಿಲ್ಲ. ಆರ್ಮ್‌ಸ್ಟ್ರಾಂಗ್ 1999ರಿಂದ 2005ರ ತನಕ ಗೆದ್ದಿದ್ದ ಏಳಕ್ಕೆ ಏಳೂ ಟೂರ್ ಡೋಪಿಂಗ್‌ಗೆ 2012ರಲ್ಲಿ ಕಿತ್ಕೊಂಡ್ರು, 1996ರಲ್ಲಿ ಗೆದ್ದ ರೀಸ್ ಹನ್ನೊಂದು ವರ್ಷ ಆದ್ಮೇಲೆ ಇಪಿಒ (ರಕ್ತದಲ್ಲಿ ಕೆಂಪುಕಣ ಹೆಚ್ಚಿಸೋ ಔಷಧಿ) ತಗೊಂಡಿದ್ದೆ ಅಂತ ತಾನೇ ಒಪ್ಕೊಂಡ, 2007ರಲ್ಲಿ ರಾಸ್‌ಮುಸೆನ್ ಎಲ್ರಿಗಿಂತ ಮುಂದಿರೋನು ಹಾಕೋ ಹಳದಿ ಜೆರ್ಸಿ ಹಾಕ್ಕೊಂಡಿರೋವಾಗ್ಲೇ ಅವನ ಟೀಮೇ ಅವನನ್ನ ಮನೆಗೆ ಕಳಿಸ್ತು. ಇಷ್ಟೆಲ್ಲ ನೋಡಿರೋರನ್ನ ಕಣ್ಮುಚ್ಚಿ ನಂಬು ಅಂದ್ರೆ ಹೆಂಗೆ ನಂಬ್ತಾರೆ? ಆದ್ರೆ ಸುಮ್ ಸುಮ್ನೆ ಬೈಯೋದೂ ನಂಗೆ ಒಗ್ಗಲ್ಲ, ಅದಕ್ಕೆ ಯಾರು ಬೆಟ್ಟ ಎಷ್ಟು ಟೈಮಲ್ಲಿ ಹತ್ತಿದ್ರು ಅಂತ ನಾನೇ ಕೂತು ಲೆಕ್ಕ ಹಾಕೋಕೆ ಶುರು ಮಾಡ್ದೆ.

ನಾನು ಮಾಡೋದು ಹಿಂಗೆ. ಸ್ಟೇಜು, ಅಂದ್ರೆ ಆ ದಿನದ ರೇಸು, ನಮ್ಮಲ್ಲಿ ಹೆಚ್ಚುಕಮ್ಮಿ ರಾತ್ರಿ ಒಂಬತ್ತಕ್ಕೆ ಮುಗಿಯುತ್ತೆ. ಬೆಟ್ಟ ಎಲ್ಲಿಂದ ಶುರು ಅನ್ನೋದನ್ನ ಮೊದ್ಲೇ ಮ್ಯಾಪಲ್ಲಿ ನೋಡಿ ಒಂದು ಗುರುತು ಇಟ್ಕೋತೀನಿ, ಸೇತುವೆನೋ ತಿರುವೋ ಊರಿನ ಬೋರ್ಡೋ, ಟಿವಿಲಿ ಕಾಣೋ ಅಂಥದ್ದು. ಆಮೇಲೆ ರೀಪ್ಲೇಲಿ ಮುಂದಿನ ಚಕ್ರ ಆ ಗುರುತು ದಾಟಿದ ಕ್ಷಣ, ಕೊನೆಯ ಗೆರೆ ದಾಟಿದ ಕ್ಷಣ, ಎರಡನ್ನೂ ಬರ್ಕೋತೀನಿ. ಗುರುತು ಬಹಳ ಮುಖ್ಯ, ಆಲ್ಪ್ ದುಯೆಜ್ ಬೆಟ್ಟದಲ್ಲಿ 90ರ ದಶಕದ ರೈಡರ್ ಪಾಂತಾನಿಯ ಟೈಮ್ ಬಗ್ಗೆ ಇವತ್ತಿಗೂ ಜನ ಕಿತ್ತಾಡೋದು ಒಬ್ಬರು ಒಂದ್ ಕಡೆಯಿಂದ ಇನ್ನೊಬ್ಬರು ಇನ್ನೊಂದ್ ಕಡೆಯಿಂದ ಅಳೆದಿದ್ದಕ್ಕೇ.

ಉದಾಹರಣೆಗೆ 2024ರ ಜುಲೈ 14ರ ಪ್ಲಾಟೋ ದೆ ಬೆಯ್ ಬೆಟ್ಟ. 15.8 ಕಿಲೋಮೀಟರ್, ಸರಾಸರಿ ಏರು 7.9 ಪರ್ಸೆಂಟ್, ಅಂದ್ರೆ ಹತ್ತತ್ರ 1,250 ಮೀಟರ್ ಮೇಲಕ್ಕೆ ಹೋಗ್ಬೇಕು. ಆ ವರ್ಷದ ಟೂರ್ ಗೆದ್ದ ಪೊಗಾಚಾರ್ ಅದನ್ನ 40 ನಿಮಿಷದೊಳಗೆ ಮುಗಿಸಿದ, 1998ರ ಪಾಂತಾನಿಗಿಂತ ಮೂರು ನಿಮಿಷಕ್ಕೂ ಜಾಸ್ತಿ ಬೇಗ! ಗಂಟೆಗೆ ಎಷ್ಟು ಮೀಟರ್ ಮೇಲಕ್ಕೆ ಹೋದ ಅನ್ನೋದನ್ನ ವಿಎಎಂ ಅಂತಾರೆ, ಇಲ್ಲಿ ಅದು 1,870ರ ಮೇಲೆ ಬರುತ್ತೆ. ಏರಿನ ಪರ್ಸೆಂಟನ್ನ ಹತ್ತರಿಂದ ಗುಣಿಸಿ ಅದಕ್ಕೆ 200 ಕೂಡಿಸಿ (ಇಲ್ಲಿ 279), ವಿಎಎಂನ ಅದರಿಂದ ಭಾಗಿಸಿದ್ರೆ ರೈಡರ್ ತನ್ನ ತೂಕದ ಪ್ರತಿ ಕೆಜಿಗೆ ಎಷ್ಟು ವ್ಯಾಟ್ ಹಾಕಿದ ಅನ್ನೋ ಅಂದಾಜು, ಸುಮಾರು 6.7. ಈ ಸೂತ್ರ ಕೊಟ್ಟಿದ್ದು ಮಿಕೆಲೆ ಫೆರಾರಿ, ಆರ್ಮ್‌ಸ್ಟ್ರಾಂಗ್‌ನ ಡಾಕ್ಟ್ರು, ಅದೇ ಡೋಪಿಂಗ್ ಕೇಸಲ್ಲಿ 2012ರಲ್ಲಿ ಆಜೀವ ಬ್ಯಾನ್ ಆದ ಮನುಷ್ಯ. ಇದನ್ನ ಬಳಸೋವಾಗೆಲ್ಲ ಮನಸ್ಸಿಗೆ ಕಸಿವಿಸಿ ಆಗುತ್ತೆ, ಆದ್ರೂ ಗಣಿತ ಗಣಿತಾನೇ.

ಈ 6.7ನ ಎಷ್ಟು ನಂಬ್ಬೋದು ಅಂತ ತಿಳ್ಕೊಳೋಕೆ ನಂದಿ ಬೆಟ್ಟನೇ ಬೇಕಾಯ್ತು. ನನ್ನ ಸೈಕಲ್‌ಗೆ ಪವರ್ ಮೀಟರ್ ಇದೆ, ಕಾಲು ನಿಜವಾಗ್ಲೂ ಹಾಕಿದ ವ್ಯಾಟ್ ಅದು ಹೇಳುತ್ತೆ, ಟೈಮ್‌ನಿಂದ ಸೂತ್ರ ಹೇಳೋದು ಬೇರೆ. ಗಾಳಿ ಇಲ್ಲದ ಬೆಳಗ್ಗೆ ಎರಡೂ ಹತ್ರ ಹತ್ರ ಬರುತ್ತೆ. ಹಿಂದಿನಿಂದ ಗಾಳಿ ತಳ್ಳೋ ದಿನ ಸೂತ್ರ ನನ್ನನ್ನ ಇರೋದಕ್ಕಿಂತ ಗಟ್ಟಿ ರೈಡರ್ ಮಾಡ್ಬಿಡುತ್ತೆ, ಎದುರುಗಾಳಿ ಇದ್ರೆ ಉಲ್ಟಾ. ಪೊಗಾಚಾರ್ ಅಲ್ಲಿ ಹೋಗಿದ್ದು ಗಂಟೆಗೆ ಸುಮಾರು 24 ಕಿಲೋಮೀಟರ್ ಸ್ಪೀಡಲ್ಲಿ, ಆ ಸ್ಪೀಡಿಗೆ ಬರೀ 7 ಕಿಲೋಮೀಟರ್ ವೇಗದ ಗಾಳಿ ಹಿಂದಿನಿಂದ ಇದ್ರೂ ನನ್ನ ಲೆಕ್ಕದಲ್ಲಿ 25 ವ್ಯಾಟ್ ಆಸುಪಾಸು ಉಳಿಯುತ್ತೆ, ಅವನ ತೂಕಕ್ಕೆ ಅದು ಕೆಜಿಗೆ 0.4. 6.3ಕ್ಕೂ 6.7ಕ್ಕೂ ನಡುವಿನ ವ್ಯತ್ಯಾಸ ಪೂರ್ತಿ ಒಂದು ಸಣ್ಣ ಗಾಳಿಯಲ್ಲೇ ಮುಚ್ಚಿಹೋಗುತ್ತೆ! ಜೊತೆಗೆ ಆ ದಿನ ಬೆಟ್ಟದ ಬುಡದಲ್ಲೇ ಇನ್ನೊಬ್ಬ ರೈಡರ್ ಜೋರ್ಗೆನ್‌ಸನ್ ಮುಂದೆ ಹೋಗಿ ಗಾಳಿ ತಡೆದು ಎಳ್ಕೊಂಡು ಹೋಗಿದ್ದ, ಟಯರ್ರು, ಬಟ್ಟೆ, ಗಂಟೆಗೆ 100 ಗ್ರಾಂ ಮೇಲೆ ಕಾರ್ಬ್ಸ್ ತಿನ್ನೋದು, ಇವ್ಯಾವೂ ಪಾಂತಾನಿ ಕಾಲದಲ್ಲಿ ಹಿಂಗಿರ್ಲಿಲ್ಲ.

2015ರಲ್ಲಿ ರೈಡರ್ ಫ್ರೂಮ್‌ಗೆ ಆಗಿದ್ದೂ ಇದೇ. ಲಾ ಪಿಯೆರ್ ಸೇಂಟ್ ಮಾರ್ಟಿನ್ ಬೆಟ್ಟದಲ್ಲಿ ಅವನು ಎಲ್ರನ್ನೂ ಬಿಟ್ಟು ಹೋದ್ಮೇಲೆ ಫ್ರೆಂಚ್ ಟಿವಿಲಿ ಕೆಜಿಗೆ 7.04 ವ್ಯಾಟ್ ಅಂದ್ರು, ಅವನ ಟೀಮ್ ಸ್ಕೈ ಪವರ್ ಮೀಟರ್ ಅಂಕಿ ಹಿಡ್ಕೊಂಡ್ ಬಂದು 5.78 ಅಂತು. ಅದೇ ಟೂರಲ್ಲಿ ರೋಡ್ ಪಕ್ಕ ನಿಂತಿದ್ದ ಒಬ್ಬ ಡೋಪರ್ ಅಂತ ಕೂಗಿ ಅವನ ಮೇಲೆ ಉಚ್ಚೆ ಎರಚಿದ. ಟಿವಿ ಅಂದಾಜು ನೋಡ್ಕೊಂಡು ಮನುಷ್ಯರನ್ನ ಹಿಂಗೆ ನಡೆಸ್ಕೊಳೋದು ತಪ್ಪು, ಇದ್ರಲ್ಲಿ ನಂಗೆ ಎರಡು ಮಾತಿಲ್ಲ.

ಹಾಗಂತ ಲೆಕ್ಕ ಬಿಟ್ಟಿಲ್ಲ, ಪ್ರತಿ ದೊಡ್ಡ ಬೆಟ್ಟಕ್ಕೂ ಶೀಟಲ್ಲಿ ಒಂದು ಸಾಲು ಸೇರಿಸ್ತೀನಿ, ಆದ್ರೆ ಒಂದೇ ನಂಬರ್ ಬರೆಯಲ್ಲ, ಇಲ್ಲಿಂದ ಇಲ್ಲಿವರೆಗೆ ಅಂತ ಬರೀತೀನಿ, ಪಕ್ಕದಲ್ಲಿ ಗಾಳಿ ಯಾವ ಕಡೆ, ಯಾರ ಹಿಂದೆ ಎಷ್ಟು ದೂರ ಹೋದ ಅಂತಾನೂ. ಇನ್ನೊಂದು ಸಂಗತಿ ಈ ಕೆಲಸದಿಂದ್ಲೇ ನಂಗೆ ಗಟ್ಟಿ ಆಯ್ತು: ದೊಡ್ಡ ಕೇಸ್‌ಗಳನ್ನ ಹೊರಗೆ ತಂದಿದ್ದು ಯಾರ ಸ್ಟಾಪ್‌ವಾಚೂ ಅಲ್ಲ. 1998ರಲ್ಲಿ ಫೆಸ್ಟಿನಾ ಟೀಮಿನ ಡೋಪಿಂಗ್ ಕೇಸು ಶುರುವಾಗಿದ್ದು ಬೆಲ್ಜಿಯಂ-ಫ್ರಾನ್ಸ್ ಗಡೀಲಿ ಕಸ್ಟಮ್ಸ್‌ನೋರು ಆ ಟೀಮಿನ ಡ್ರಗ್ಸ್ ತುಂಬಿದ್ದ ಒಂದು ಕಾರ್ ನಿಲ್ಸಿದ್ದಕ್ಕೆ, 2006ರ ಆಪರೇಷನ್ ಪುವೆರ್ತೊ ಅನ್ನೋ ಡೋಪಿಂಗ್ ತನಿಖೆ ಸ್ಪೇನ್ ಪೊಲೀಸ್ರದ್ದು, ಆರ್ಮ್‌ಸ್ಟ್ರಾಂಗ್ ಬಿದ್ದಿದ್ದು ಜೊತೇಲಿ ಓಡಿಸ್ದೋರೇ ಸಾಕ್ಷಿ ಹೇಳಿದ್ದಕ್ಕೆ. ಕೆಲವು ಟೀಮ್‌ಗಳು ಕಾರ್ಬನ್ ಮೊನಾಕ್ಸೈಡ್ ಉಸಿರಾಡಿಸಿ ರಕ್ತ ಅಳೀತಿದಾರೆ ಅನ್ನೋದನ್ನ 2024ರ ಟೂರ್ ನಡೀತಿರೋವಾಗ್ಲೇ ಬಯಲು ಮಾಡಿದ್ದೂ ಪತ್ರಕರ್ತರು, ಆಮೇಲೆ 2025ರ ಫೆಬ್ರವರಿಲಿ ಸೈಕ್ಲಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆ ಯುಸಿಐ ಅದನ್ನ ಪದೇ ಪದೇ ಉಸಿರಾಡೋದನ್ನ ನಿಷೇಧ ಮಾಡ್ತು.

ಹಂಗಾಗಿ ಗ್ರೂಪಲ್ಲಿ ಯಾರಾದ್ರೂ "ಕ್ಲೀನಾ?" ಅಂತ ಕೇಳಿದ್ರೆ ಟೈಮ್ ನೋಡಿ ಹೇಳೋಕಾಗಲ್ಲ ಅಂತೀನಿ, ಶೀಟ್ ಕಳಿಸ್ತೀನಿ. ಟೀಮ್‌ಗಳ ಹತ್ರ ನಮ್ಮಂಥ ಅಭಿಮಾನಿಗಳು ಕೇಳ್ಬೇಕಾಗಿರೋದು ಬೇರೆ: ಮುಖ್ಯ ಬೆಟ್ಟಗಳ ಪವರ್ ಫೈಲು, ಆ ದಿನದ ಬೆಳಗಿನ ತೂಕ, ಎರಡನ್ನೂ ಹೊರಗೆ ಬಿಡಿ. ರೇಸ್ ನಡೀತಿರೋವಾಗ ಎದುರಾಳಿಗೆ ಗುಟ್ಟು ಬಿಟ್ಕೊಟ್ಟಂಗಾಗುತ್ತೆ ಅಂದ್ರೆ ಒಪ್ತೀನಿ, ಮುಂದಿನ ವರ್ಷದ ಟೂರ್ ಮುಗಿದ್ಮೇಲೆ ಕೊಟ್ರೂ ಸರಿ.