ಕಾನ್ಫಿಗ್‌ನಿಂದ ‘ಸ್ಲೀಪ್ 5’ ಕಿತ್ತು ಹಾಕಿದ ಕಥೆ

ಲಿನಕ್ಸ್‌ನಲ್ಲಿ ವಿಂಡೋಗಳನ್ನು ಜೋಡಿಸುವ ಸ್ವೇಯ ಕಾನ್ಫಿಗ್‌ನಲ್ಲಿ, ಪ್ರೋಗ್ರಾಂ ಎಬ್ಬಿಸುವ ಎಕ್ಸೆಕ್ ಸಾಲುಗಳ ನಡುವೆ ‘ಸ್ಲೀಪ್ 5’ (ಐದು ಸೆಕೆಂಡು ಕಾಯಿ) ತುರುಕಿ ದಿನ ತಳ್ಳುತ್ತಿರುವವರಿಗೆ ಇದು. ಧಾರವಾಡದ ಸಪ್ತಾಪುರದ ನನ್ನ ಡಿಟಿಪಿ ಅಂಗಡಿಯ ನಾಲ್ಕೂ ಮಷೀನು ಈಗ ಸಿಸ್ಟಮ್‌ಡಿ ಯೂಸರ್ ಸೆಷನ್ ಮೇಲೆ ನಡೆದಿವೆ: ಲಾಗಿನ್ ಆದಾಗ ಯಾವುದು ಯಾವಾಗ ಏಳಬೇಕೆಂದು ಲಿನಕ್ಸ್‌ನ ಸರ್ವೀಸ್ ಮೇಸ್ತ್ರಿ ಸಿಸ್ಟಮ್‌ಡಿಯೇ ನೋಡಿಕೊಳ್ಳುತ್ತದೆ. ‘ಡೆಸ್ಕ್‌ಟಾಪಿಗೆ ಅದ್ಯಾಕೋ ಮಾರಾಯ, ಅದು ಸರ್ವರ್ ಮಂದಿ ಕೆಲಸ’ ಅಂತ ನಕ್ಕಿದ್ದ ಹುಬ್ಬಳ್ಳಿ ಗೆಳೆಯ ಮೊನ್ನೆ ನನ್ನ ಯುನಿಟ್ ಫೈಲುಗಳನ್ನೇ (ಸಿಸ್ಟಮ್‌ಡಿಗೆ ಬರೆದ ಸೂಚನೆಗಳು) ಪೆನ್‌ಡ್ರೈವಿಗೆ ತುಂಬಿಕೊಂಡು ಹೋದ.

ಕಾಡಿದ್ದು ಕನ್ನಡ ಟೈಪಿಂಗಿನ ಎಫ್‌ಸಿಟಿಕ್ಸ್ 5. ಒಮ್ಮೊಮ್ಮೆ ಏಳುತ್ತಲೇ ಇರಲಿಲ್ಲ. ಕನ್ನಡ ಮೂಡದಿದ್ದರೆ ಕೋಚಿಂಗ್ ಹುಡುಗರು ಕಾಯುವುದಿಲ್ಲ, ಪಕ್ಕದ ಅಂಗಡಿಗೆ ನಡೆದುಬಿಡುತ್ತಾರೆ. ದಿನಕ್ಕೆ 300–400 ರೂಪಾಯಿ ಹೋಯಿತೆಂದೇ ಲೆಕ್ಕ.

ಮೊದಲು ಅದನ್ನು ಡಿಫಾಲ್ಟ್ ಟಾರ್ಗೆಟ್‌ಗೆ ಕಟ್ಟಿದೆ (ಟಾರ್ಗೆಟ್ ಅಂದರೆ ಒಟ್ಟಿಗೆ ಏಳುವ ಯುನಿಟ್‌ಗಳ ಗುಂಪು). ಸ್ವೇ ಹುಟ್ಟುವ ಮೊದಲೇ ಎದ್ದು, ಸ್ವೇ ಕೊಡುವ ವೇಲ್ಯಾಂಡ್ ಡಿಸ್‌ಪ್ಲೇ (ಪರದೆಯ ಸಂಪರ್ಕ) ಸಿಗದೆ ಬಿತ್ತು. ಬಿದ್ದರೆ ತಾನೇ ಏಳಲಿ ಅಂತ ರೀಸ್ಟಾರ್ಟ್ ಹಾಕಿದರೆ ಇನ್ನೂ ಮೋಜು: ಡಿಫಾಲ್ಟ್ ಅಂತರ 100 ಮಿಲಿಸೆಕೆಂಡು, ಮಿತಿ 10 ಸೆಕೆಂಡಿಗೆ 5 ಸಲ. ಕಣ್ಣು ಮಿಟುಕಿಸುವುದರೊಳಗೆ ಐದೂ ಸಲ ಸತ್ತು ‘ಸ್ಟಾರ್ಟ್-ಲಿಮಿಟ್-ಹಿಟ್’, ಅಂದರೆ ಇನ್ನು ಎಬ್ಬಿಸುವುದಿಲ್ಲ. ಡೆಸ್ಕ್‌ಟಾಪ್ ಎದ್ದಿದೆ ಎಂದು ಸಾರುವ ಗ್ರಾಫಿಕಲ್-ಸೆಷನ್ ಟಾರ್ಗೆಟನ್ನು ನೇರವಾಗಿ ಎಬ್ಬಿಸೋಣವೆಂದರೆ ಅದು ಕೈಯಿಂದ ಏಳುವ ಜಾತಿಯೇ ಅಲ್ಲ. ಸ್ವೇ-ಸೆಷನ್ ಅಂತ ನನ್ನದೇ ಟಾರ್ಗೆಟ್ ಬರೆದು ಬೈಂಡ್ಸ್‌ಟು (ಎರಡನ್ನೂ ಕಟ್ಟಿಹಾಕುವ ಸಾಲು) ಕೊಟ್ಟ ಮೇಲೆ ಗ್ರಾಫಿಕಲ್-ಸೆಷನ್ ಅದರ ಹಿಂದೆ ಬಂತು. ಕಾನ್ಫಿಗ್‌ನಲ್ಲಿ ಈಗ ಇಂಪೋರ್ಟ್-ಎನ್ವಿರಾನ್‌ಮೆಂಟ್ (ಡಿಸ್‌ಪ್ಲೇ ವಿವರ ಸಿಸ್ಟಮ್‌ಡಿಗೆ ತಿಳಿಸುವ ಸಾಲು) ಮೊದಲು, ಟಾರ್ಗೆಟ್ ಆಮೇಲೆ. ಉಳಿದ ಸರ್ವೀಸುಗಳಿಗೆಲ್ಲ ಪಾರ್ಟ್ಆಫ್ (ಟಾರ್ಗೆಟ್ ಬಿದ್ದರೆ ತಾವೂ ಬೀಳಲು), ಆಫ್ಟರ್ (ಅದರ ನಂತರ ಏಳಲು).

ಅಲ್ಲಿಗೂ ಮುಗಿಯಲಿಲ್ಲ. ಲಾಗ್‌ಔಟ್ ಮಾಡಿ ತಕ್ಷಣ ಲಾಗಿನ್ ಆದರೆ ಮತ್ತೆ ಕನ್ನಡ ಮಾಯ. ಕೊನೆಯ ಸೆಷನ್ ಮುಗಿದರೂ ಸಿಸ್ಟಮ್‌ಡಿಯ ಯೂಸರ್ ಮ್ಯಾನೇಜರ್ 10 ಸೆಕೆಂಡು ಉಸಿರಾಡುತ್ತದೆ. ಅದರ ಲೆಕ್ಕದಲ್ಲಿ ಹಳೇ ಟಾರ್ಗೆಟ್ ಇನ್ನೂ ಆಕ್ಟಿವ್, ಹಾಗಾಗಿ ಸ್ಟಾರ್ಟ್ ಅಂದರೂ ಕದಲುವುದಿಲ್ಲ. ಲಾಗ್‌ಔಟ್ ಆದರೂ ಆ ಮ್ಯಾನೇಜರನ್ನು ಉಳಿಸುವ ಲಿಂಗರ್ ಆನ್ ಮಾಡಿದವರ ಪಾಡು ಕೇಳಲೇಬೇಡಿ. ಸ್ವೇ ಸಾಯುವ ಹೊತ್ತಿಗೆ ಟಾರ್ಗೆಟ್ಟೂ ಬೀಳುವಂತೆ ಒಂದು ಸಾಲು ಹಾಕಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅಂಗಡಿಗೆ ಬಂದು ಚಹಾ ಕುಡಿಸಿದವರಿಗೆ ತೋರಿಸ್ತೀನಿ.

ಇದೇ ಗುಂಗಿನಲ್ಲಿ ಫೈರ್‌ಫಾಕ್ಸನ್ನೂ ಮೆಮೊರಿಗೆ ಮಿತಿ ಹಾಕಬಹುದಾದ ಸಿಸ್ಟಮ್‌ಡಿ-ರನ್ ಸ್ಕೋಪ್‌ನೊಳಗೆ ಕೂರಿಸಿದೆ. ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯಲ್ಲಿ ಎಂಟೊಂಬತ್ತು ಸಾವಿರಕ್ಕೊಂದರಂತೆ ತಂದ ಸೆಕೆಂಡ್‌ಹ್ಯಾಂಡ್ ಡಬ್ಬಿಗಳು, 4 ಜಿಬಿ ರ‍್ಯಾಮ್. ಮೀರಿದರೆ ಕೊಲ್ಲುವ ಮೆಮೊರಿಮ್ಯಾಕ್ಸ್ ಒಂದೂವರೆ ಜಿಬಿ ಇಟ್ಟಾಗ, ಒಬ್ಬಳ ಪರೀಕ್ಷಾ ಅರ್ಜಿ ಅರ್ಧ ತುಂಬಿದ್ದಾಗಲೇ ಟ್ಯಾಬ್ ಸತ್ತಿತು. ಅವಳ ಮುಖ ನೋಡಬೇಕಿತ್ತು. ಮೀರಿದರೆ ನಿಧಾನ ಮಾಡುವ ಮೆಮೊರಿಹೈಗೆ ಬದಲಿಸಿದೆ. ತೆವಳುತ್ತದೆ, ಆದರೆ ಸಾಯುವುದಿಲ್ಲ. ರ‍್ಯಾಮಿಗೆ ಎತ್ತಿಟ್ಟಿದ್ದ ಮೂರು ಸಾವಿರ ಚಿಲ್ಲರೆ ಯುಪಿಎಸ್ ಬ್ಯಾಟರಿಗೆ ಹೋಯಿತು.