ಬರ್ತ್ ಎಂಬ ಪದವನ್ನು ಎಲ್ಲೆಲ್ಲಿ, ಹೇಗೆ ಬಳಸಬೇಕು

ರೈಲಿನ ಟಿಕೆಟ್, ಬಂದರಿನ ವರದಿ, ಸಚಿವ ಸಂಪುಟದ ಸುದ್ದಿ, ಕ್ರೀಡಾಪುಟ ಇವೆಲ್ಲವುಗಳಲ್ಲೂ ಕಾಣಿಸಿಕೊಳ್ಳುವ ಇಂಗ್ಲಿಷ್ ಪದ ಬರ್ತ್. ಮೂಲತಃ ಇದು ಹಡಗಿನವರ ಮಾತು. ಹದಿನೇಳನೆಯ ಶತಮಾನದ ಆರಂಭದಲ್ಲಿ ಬಳಕೆಗೆ ಬಂದಾಗ, ಹಡಗೊಂದು ದಡಕ್ಕಾಗಲಿ, ಬಂಡೆಗಾಗಲಿ, ಇನ್ನೊಂದು ಹಡಗಿಗಾಗಲಿ ತಾಗದೆ ಸಾಗಲು ಬೇಕಾದಷ್ಟು ನೀರಿನ ಹರವು ಎಂಬುದೇ ಇದರ ಅರ್ಥವಾಗಿತ್ತು. ಆಮೇಲೆ ಹಡಗು ನಿಲ್ಲುವ ಜಾಗ, ಹಡಗಿನೊಳಗೆ ನಾವಿಕ ಮಲಗುವ ಜಾಗ, ಅವನಿಗೆ ದೊರೆತ ಕೆಲಸ ಎಂದು ಅರ್ಥ ಹಬ್ಬುತ್ತಾ ಹೋಯಿತು. ಒಬ್ಬರಿಗೆ ಅಥವಾ ಒಂದಕ್ಕೆಂದು ಗೊತ್ತುಮಾಡಿದ ಜಾಗ ಎಂಬ ತಿರುಳನ್ನು ಹಿಡಿದುಕೊಂಡರೆ ಇಂದಿನ ಬಳಕೆಗಳಲ್ಲಿ ಬಹುತೇಕ ಎಲ್ಲವೂ ಅರ್ಥವಾಗುತ್ತವೆ.

ಕನ್ನಡಿಗರಿಗೆ ಹೆಚ್ಚು ಪರಿಚಯವಿರುವುದು ರೈಲಿನ ಬರ್ತ್. ಕುಳಿತು ಪ್ರಯಾಣಿಸುವ ಜಾಗ ಸೀಟು, ಮಲಗಿ ಪ್ರಯಾಣಿಸುವ ಜಾಗ ಬರ್ತ್. ಆದ್ದರಿಂದ ಚೇರ್ ಕಾರ್ ಬೋಗಿಯ ವಿಷಯದಲ್ಲಿ ಬರ್ತ್ ಎನ್ನುವುದು ತಪ್ಪು. ಸ್ಲೀಪರ್ ಮತ್ತು ಮೂರು ಹಂತದ ಎ.ಸಿ. ಬೋಗಿಗಳಲ್ಲಿ ಎಂಟೆಂಟು ಬರ್ತ್‌ಗಳಿಗೆ ಒಂದು ವಿಭಾಗವಿರುತ್ತದೆ. ನಿಮ್ಮ ಬರ್ತ್ ಸಂಖ್ಯೆಯನ್ನು ಎಂಟರಿಂದ ಭಾಗಿಸಿದಾಗ ಶೇಷ 1 ಅಥವಾ 4 ಉಳಿದರೆ ಅದು ಕೆಳಗಿನ ಬರ್ತ್, 2 ಅಥವಾ 5 ಉಳಿದರೆ ನಡುವಿನದು, 3 ಅಥವಾ 6 ಉಳಿದರೆ ಮೇಲಿನದು, 7 ಉಳಿದರೆ ಪಕ್ಕದ ಸಾಲಿನ ಕೆಳಗಿನದು, ಏನೂ ಉಳಿಯದಿದ್ದರೆ ಪಕ್ಕದ ಸಾಲಿನ ಮೇಲಿನದು. ಉದಾಹರಣೆಗೆ 23ನೆಯ ಸಂಖ್ಯೆಯನ್ನು ಭಾಗಿಸಿದರೆ 7 ಉಳಿಯುವುದರಿಂದ ಅದು ಸೈಡ್ ಲೋಯರ್. ಎರಡು ಹಂತದ ಎ.ಸಿ. ಬೋಗಿಯಲ್ಲಿ ನಡುವಿನ ಬರ್ತ್ ಇಲ್ಲದಿರುವುದರಿಂದ ಆರರಿಂದ ಭಾಗಿಸಬೇಕು. ಹಳೆಯ ಗರೀಬ್ ರಥ ಬೋಗಿಗಳಲ್ಲಿ ಪಕ್ಕದ ಸಾಲಿಗೂ ನಡುವಿನ ಬರ್ತ್ ಇದ್ದುದರಿಂದ ಈ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ.

ಟಿಕೆಟ್ ಓದುವಾಗ ಒಂದು ಗೊಂದಲದ ಬಗ್ಗೆ ಎಚ್ಚರವಿರಲಿ. ಎಸ್‌ಎಲ್ ಎಂಬ ಎರಡಕ್ಷರ ಪ್ರಯಾಣದ ದರ್ಜೆಯ ಜಾಗದಲ್ಲಿದ್ದರೆ ಸ್ಲೀಪರ್ ಎಂದೂ, ಬರ್ತ್ ಸಂಖ್ಯೆಯ ಪಕ್ಕದಲ್ಲಿದ್ದರೆ ಸೈಡ್ ಲೋಯರ್ ಎಂದೂ ತಿಳಿಯಬೇಕು. ಆರ್‌ಎಸಿ (ಬೇರೆಯವರ ಟಿಕೆಟ್ ರದ್ದಾದರೆ ಬರ್ತ್ ಸಿಗುವ ಕಾಯ್ದಿರಿಸುವಿಕೆ) ಎಂದಿದ್ದರೆ ಸಾಮಾನ್ಯವಾಗಿ ಪಕ್ಕದ ಸಾಲಿನ ಕೆಳಗಿನ ಬರ್ತನ್ನು ಇಬ್ಬರು ಹಂಚಿಕೊಂಡು ಕುಳಿತುಕೊಳ್ಳಬೇಕು; ಆಗ ನಿಮಗೆ ದೊರೆತಿರುವುದು ಸೀಟೇ ಹೊರತು ಪೂರ್ತಿ ಬರ್ತ್ ಅಲ್ಲ. ಕೆಳಗಿನ ಬರ್ತ್ ಹಗಲಿನಲ್ಲಿ ಎಲ್ಲರೂ ಕುಳಿತುಕೊಳ್ಳುವ ಜಾಗ. ಮಲಗುವ ಅವಧಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಎಂದು ರೈಲ್ವೆ 2017ರಲ್ಲಿ ನಿಗದಿಪಡಿಸಿದೆ. ಹೀಗಾಗಿ ಸಂಜೆ ಏಳಕ್ಕೇ ಹಾಸಿಗೆ ಬಿಡಿಸಿ ಇದು ನನ್ನ ಬರ್ತ್ ಎಂದು ವಾದಿಸುವವರ ಬಳಿ ಪದವಿದೆಯೇ ಹೊರತು ನಿಯಮವಿಲ್ಲ.

ಬಂದರಿನಲ್ಲಿ ಬರ್ತ್ ಎಂದರೆ ಒಂದು ಹಡಗು ಬಂದು ಹಗ್ಗ ಬಿಗಿಸಿಕೊಂಡು ನಿಲ್ಲಲು ಗೊತ್ತುಮಾಡಿದ ತಾಣ. 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾದ ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಬರ್ತ್‌ಗಳಿಗೆ ಸಂಖ್ಯೆಗಳಿವೆ, ಮತ್ತು ಯಾವ ಹಡಗು ಯಾವ ಸಂಖ್ಯೆಯ ಬರ್ತ್‌ಗೆ ಬರಬೇಕೆಂಬುದು ಸರಕು, ಹಡಗಿನ ಉದ್ದ ಮತ್ತು ನೀರಿನ ಆಳವನ್ನು ನೋಡಿ ತೀರ್ಮಾನವಾಗುತ್ತದೆ. ಕರಾವಳಿಯವರು ಮೀನುಗಾರಿಕೆ ದೋಣಿಗಳು ಬಂದು ನಿಲ್ಲುವ ಕಟ್ಟೆಯನ್ನು ಧಕ್ಕೆ ಎನ್ನುತ್ತಾರೆ. ಆದರೆ ಧಕ್ಕೆ ಇಡೀ ಕಟ್ಟೆಯ ಹೆಸರು. ಬರ್ತ್ ಎಂಬುದು ಅದರಲ್ಲಿ ಒಂದು ಹಡಗಿನ ಪಾಲಿಗೆ ಬರುವ ಜಾಗ. ಆದ್ದರಿಂದ ಒಂದನ್ನು ಇನ್ನೊಂದರ ಬದಲಿಗೆ ಬರೆಯುವುದು ಸರಿಯಲ್ಲ.

ಈ ಪದವೇ ಇಂಗ್ಲಿಷಿನಲ್ಲಿ ಕ್ರಿಯಾಪದವೂ ಆಗುತ್ತದೆ. ಹಡಗು ಬರ್ತ್ ಆಯಿತು ಎಂಬುದನ್ನು ನಮ್ಮ ವರದಿಗಾರರು ಹಡಗು ಲಂಗರು ಹಾಕಿತು ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಓದಲು ಸೊಗಸಾಗಿದ್ದರೂ ಇದು ನಿಖರವಲ್ಲ. ಸರದಿಗಾಗಿ ಬಂದರಿನ ಹೊರಗೆ ಸಮುದ್ರದಲ್ಲಿ ಕಾಯುವ ಹಡಗು ಲಂಗರು ಇಳಿಸುತ್ತದೆ. ಸರದಿ ಬಂದಾಗ ಲಂಗರನ್ನು ಎತ್ತಿ ಒಳಗೆ ಬಂದು ಕಟ್ಟೆಗೆ ಹಗ್ಗದಿಂದ ಕಟ್ಟಿಸಿಕೊಳ್ಳುತ್ತದೆ. ಎರಡನೆಯದನ್ನು ಕಟ್ಟೆಗೆ ಬಂದು ನಿಂತಿತು ಎಂದೋ, ಬರ್ತ್‌ಗೆ ಬಂತು ಎಂದೋ ಬರೆದರೆ ಬಂದರಿನಲ್ಲಿ ಕೆಲಸ ಮಾಡುವವರಿಗೂ ಒಪ್ಪಿಗೆಯಾಗುತ್ತದೆ.

ರಾಜಕೀಯ ಸುದ್ದಿಯಲ್ಲಿ ಇಂಗ್ಲಿಷ್ ಪತ್ರಿಕೆಗಳು ಬರ್ತ್ ಎಂದದ್ದನ್ನು ಕನ್ನಡದಲ್ಲಿ ಸಚಿವ ಸ್ಥಾನ ಎನ್ನಬೇಕು, ಖಾತೆ ಎನ್ನಬಾರದು; ಸ್ಥಾನ ಸಿಕ್ಕ ಮೇಲೂ ಖಾತೆ ಹಂಚಿಕೆಗೆ ಕಾಯಬೇಕಾದೀತು. 2003ರ ಸಂವಿಧಾನ ತಿದ್ದುಪಡಿಯ ಪ್ರಕಾರ ಸಂಪುಟದ ಗಾತ್ರ ವಿಧಾನಸಭೆಯ ಬಲದ ಶೇ. 15ಕ್ಕೆ ಸೀಮಿತವಾಗಿದ್ದು, 224 ಸದಸ್ಯರ ಕರ್ನಾಟಕದಲ್ಲಿ ಮುಖ್ಯಮಂತ್ರಿಯೂ ಸೇರಿ 34 ಸ್ಥಾನಗಳಷ್ಟೇ ಇರುವುದರಿಂದ ಈ ಪದ ಪ್ರತಿ ಸಂಪುಟ ವಿಸ್ತರಣೆಯಲ್ಲೂ ತಲೆಬರಹಕ್ಕೆ ಏರುತ್ತದೆ. ಕ್ರೀಡಾಪುಟದಲ್ಲಿ ಇದಕ್ಕೆ ಅರ್ಹತೆ ಅಥವಾ ಪ್ರವೇಶ ಎಂದರೆ ಸಾಕು.

ಇಂಗ್ಲಿಷಿನಲ್ಲಿ ಬರೆಯುವಾಗ ಕಾಗುಣಿತದ ಕಡೆ ಗಮನವಿರಬೇಕು. ಜನನ ಎಂಬರ್ಥದ ಪದದ ಉಚ್ಚಾರಣೆಯೂ ಇದೇ ಆಗಿದ್ದು, ಅದರಲ್ಲಿ ಬಿ ಅಕ್ಷರದ ನಂತರ ಐ ಬರುತ್ತದೆ, ಮಲಗುವ ಜಾಗದ ಬರ್ತ್‌ನಲ್ಲಿ ಇ ಬರುತ್ತದೆ. ಕೆಳಗಿನ ಜನ್ಮ ಖಚಿತವಾಗಿದೆ ಎಂಬ ಅರ್ಥ ಕೊಡುವ ಸಂದೇಶಗಳು ಇದೇ ಕಾರಣಕ್ಕೆ ಹುಟ್ಟುತ್ತವೆ, ಮತ್ತು ಕಾಗುಣಿತ ತಿದ್ದುವ ತಂತ್ರಾಂಶಗಳು ಇವನ್ನು ಹಿಡಿಯದೆ ಬಿಡುವುದುಂಟು, ಏಕೆಂದರೆ ಎರಡೂ ಸರಿಯಾದ ಪದಗಳೇ.

ಕಡೆಗೆ ವೈಡ್ ಬರ್ತ್ ಎಂಬ ನುಡಿಗಟ್ಟು. ಯಾರಿಗಾದರೂ ವೈಡ್ ಬರ್ತ್ ಕೊಡು ಎಂದರೆ ಅವರಿಗೆ ಧಾರಾಳವಾಗಿ ಜಾಗ ಬಿಟ್ಟುಕೊಟ್ಟು ಉಪಕಾರ ಮಾಡು ಎಂದಲ್ಲ, ಅವರ ಹತ್ತಿರ ಸುಳಿಯದೆ ದೂರವಿರು ಎಂದು. ಲಂಗರು ಇಳಿಸಿದ ಹಡಗು ಒಂದೇ ಕಡೆ ನಿಶ್ಚಲವಾಗಿರುವುದಿಲ್ಲ. ಗಾಳಿ ಮತ್ತು ಉಬ್ಬರವಿಳಿತದ ಸೆಳೆತ ಬದಲಾದಂತೆ ಸರಪಳಿಯ ಉದ್ದಕ್ಕೂ ಸುತ್ತಾಡುತ್ತದೆ. ಪಕ್ಕದಲ್ಲಿ ಹಾದುಹೋಗುವವರು ಆ ಸುತ್ತಾಟಕ್ಕೂ ಸೇರಿಸಿ ಜಾಗ ಬಿಡಬೇಕಾಗಿದ್ದುದೇ ಈ ಮಾತಿನ ಮೂಲ. ವ್ಯಕ್ತಿಗಳ ವಿಷಯದಲ್ಲಿ ಇದನ್ನು ಕನ್ನಡಕ್ಕೆ ತರುವಾಗ ದೂರದಿಂದಲೇ ಕೈಮುಗಿ ಎಂಬ ನಮ್ಮ ಮಾತು ಚೆನ್ನಾಗಿ ಹೊಂದುತ್ತದೆ. ಆದರೆ ದೋಣಿ ನಡೆಸುವವರಿಗೆ ನೀಡುವ ಸೂಚನೆಯಲ್ಲಿ ಇದೇ ಪದಗಳು ಬಂದಾಗ ಅವಕ್ಕೆ ಅಕ್ಷರಶಃ ಅರ್ಥವಿರುವುದರಿಂದ, ಇಂತಹ ಹಡಗಿನಿಂದ ಅಥವಾ ಬಂಡೆಯಿಂದ ಸಾಕಷ್ಟು ಅಂತರ ಬಿಟ್ಟು ಸಾಗಬೇಕು ಎಂದು ನೇರವಾಗಿ ಬರೆಯಬೇಕು, ಮೂಲದಲ್ಲಿ ಅಂತರದ ಅಳತೆಯನ್ನು ಕೊಟ್ಟಿದ್ದರೆ ಅದನ್ನೂ ಬಿಡದೆ ಸೇರಿಸಬೇಕು.